‘ನಾರ್ಮಲ್’ ಅಣ್ಣನ ರಕ್ತ

ಬೆಳಗಿನ ಆರು ಗಂಟೆ. ನೆಲಮಾಳಿಗೆಯ ಟ್ಯೂಬ್‌ಲೈಟು ಎರಡು ಸಲ ಮಿಣುಕಿ, ಮನಸ್ಸಿಲ್ಲದ ಮನಸ್ಸಿನಿಂದ ಹೊತ್ತಿಕೊಳ್ಳುತ್ತದೆ. ಐವತ್ತು ದಾಟಿದ ಸಣಕಲು ಮನುಷ್ಯರೊಬ್ಬರು ಐಸ್ ತುಂಬಿದ ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬರುತ್ತಾರೆ. ಡಬ್ಬಿಯಲ್ಲಿ ಹಸಿರು ಮುಚ್ಚಳದ ಟ್ಯೂಬುಗಳು, ಟ್ಯೂಬುಗಳಲ್ಲಿ ಮನುಷ್ಯರ ರಕ್ತ. ಕೋಣೆಯ ನಡುವೆ ಬೀರುವಿನಷ್ಟು ದೊಡ್ಡದಾದ ಸೀಸದ ಯಂತ್ರ. ಅದರ ಕೀಲಿ ಸಂಶೋಧನಾ ವಿದ್ಯಾರ್ಥಿನಿಯ ಕೈಯಲ್ಲಿದೆ. ಇವರು ಟ್ಯೂಬುಗಳನ್ನು ಒಂದೊಂದಾಗಿ ಒರೆಸಿ ಅವಳಿಗೆ ಕೊಟ್ಟು, ನೆಲದ ಮೇಲಿನ ಹಳದಿ ಗೆರೆಯಿಂದ ಹಿಂದೆ ಸರಿದು ನಿಲ್ಲುತ್ತಾರೆ. ಯಂತ್ರ ಗುಂಯ್ ಎನ್ನುತ್ತದೆ. ಒಳಗೆ ರಕ್ತಕ್ಕೆ ವಿಕಿರಣ ಬೀಳುತ್ತಿದೆ.

‘ಇವತ್ತಿನ ರಕ್ತ ಯಾರದು?’ ಎಂದು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

‘ಗೇಟಿನ ಸೆಕ್ಯುರಿಟಿಯವರದು. ನಂದು ಈಗ ನಡೆಯಲ್ಲ. ಖೋಟಾ ನೋಟು ಅಂತ ಗೊತ್ತಾಯ್ತಲ್ಲ,’ ಎಂದು ನಗುತ್ತಾರೆ. ಆ ನಗುವಿನಲ್ಲಿ ನಗು ಕಡಿಮೆ.

ಇವರು ಈ ವಿಕಿರಣ ಜೀವಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ಆವಿಯಲ್ಲಿ ಶುದ್ಧಿಮಾಡುವ ಆಟೋಕ್ಲೇವ್‌ಗೆ ತುಂಬುವುದು, ಟ್ಯೂಬು ಹೊರುವುದು ಕೆಲಸ. ಇಡೀ ಕಟ್ಟಡ ಇವರನ್ನು ಕರೆಯುವುದು ‘ನಾರ್ಮಲ್’ ಎಂದು. ಇಂದು ಹತ್ತು ಗಂಟೆಗೆ ವಿಭಾಗದ ಮುಖ್ಯಸ್ಥರು ಬರುತ್ತಾರೆ. ಇವರ ಅಕ್ಕ ತೀರಿಹೋಗಿದ್ದಾರೆ, ಆ ಅಕ್ಕನ ಮಗಳ ರಕ್ತ ಸಂಶೋಧನೆಗೆ ಬೇಕಾಗಿದೆ. ಅವಳು ಕೊಡುತ್ತಾಳೋ ಇಲ್ಲವೋ ಎಂದು ಇವರು ಹೇಳಬೇಕು. ಇವರನ್ನು ಕೇಳದೆ ಇಪ್ಪತ್ತು ವರ್ಷ ಎಲ್ಲವೂ ನಡೆದುಹೋಗಿದೆ. ಇಂದು ಕೇಳುತ್ತಿದ್ದಾರೆ.

ಹೆಸರಿನ ಕಥೆಯಿಂದಲೇ ಶುರುಮಾಡೋಣ. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ನೂಲಿದೆ. ಅದು ಪುಟ್ಟ ಪುಟ್ಟ ಉಂಡೆಗಳಿಗೆ ಸುತ್ತಿಕೊಂಡು ಮಡಚಿ ಕೂತಿರುತ್ತದೆ. ಈ ಸುತ್ತಿಗೆ ಕ್ರೊಮಾಟಿನ್ ಎನ್ನುತ್ತಾರೆ. ವಿಕಿರಣ ಬಿದ್ದಾಗ ನೂಲು ತುಂಡಾಗುತ್ತದೆ. ಆಗ ಕೋಶ ತಾನೇ ಸುತ್ತು ಸಡಿಲಿಸಿ, ತುಂಡಾದ ಜಾಗ ಹುಡುಕಿ, ಜೋಡಿಸಿ, ಮತ್ತೆ ಸುತ್ತಿಡಬೇಕು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಡಾದ ಕಡೆಯೆಲ್ಲ ಹಸಿರು ಚುಕ್ಕಿ ಹೊಳೆಯುತ್ತದೆ. ದುರಸ್ತಿಯಾದ ಹಾಗೆ ಚುಕ್ಕಿ ಆರುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಈ ದುರಸ್ತಿ ಹೇಗಿದೆ ಎಂದು ತಿಳಿಯಲು, ಆರೋಗ್ಯವಂತರಲ್ಲಿ ಹೇಗಿರುತ್ತದೆ ಎಂದು ಮೊದಲು ತಿಳಿದಿರಬೇಕು. ಹೋಲಿಸಲು ಒಬ್ಬ ಸಾಮಾನ್ಯ ಮನುಷ್ಯ ಬೇಕು.

ಆ ಸಾಮಾನ್ಯ ಮನುಷ್ಯ ಇವರೇ. ಬೀಡಿಯಿಲ್ಲ, ಕುಡಿತವಿಲ್ಲ, ರಜೆಯಿಲ್ಲ. ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ, ತೊಳೆಯುವ ತೊಟ್ಟಿಯ ಮುಂದೆ ಇರುತ್ತಿದ್ದರು. ‘ತೋಳು ಮಡಚಿ ಅಂದ್ರೆ ಮಡಚ್ತಿದ್ದೆ. ಒಂದು ಬಿಸ್ಕತ್ತು ಪೊಟ್ಟಣ, ಒಂದು ಜ್ಯೂಸು. ಸೂಜಿ ಚುಚ್ಚೋಕೆ ಕಲಿತ ಮಕ್ಕಳೆಲ್ಲ ನನ್ನ ಕೈ ಮೇಲೇ ಕಲಿತಿದ್ದು,’ ಎಂದು ಮೊಣಕೈಯ ಒಳಭಾಗ ತೋರಿಸುತ್ತಾರೆ. ಅಲ್ಲಿನ ಚರ್ಮ ದಪ್ಪಗಾಗಿ ಗಂಟುಗಟ್ಟಿದೆ. ಹಲವು ಮಂದಿಯ ರಕ್ತ ತೆಗೆಯಬೇಕೆಂಬ ನಿಯಮ ಇಲ್ಲದಿಲ್ಲ. ಆದರೆ ಕೈಗೆ ಸಿಗುವವನೊಬ್ಬ ಇರುವಾಗ ಹತ್ತು ಜನರನ್ನು ಹುಡುಕುವ ತೊಂದರೆ ಯಾರಿಗೆ ಬೇಕು? ಪ್ರಕಟವಾದ ಲೇಖನಗಳಲ್ಲಿ ‘ಸಾಮಾನ್ಯ’ ಎಂದು ಬರೆದ ಗೆರೆಯೆಲ್ಲ ಹೆಚ್ಚುಕಡಿಮೆ ಇವರ ಗೆರೆಯೇ.

ಒಮ್ಮೆ ಇವರಿಗೆ ಜ್ವರ ಬಂದಾಗ ಕಚೇರಿಯ ಡ್ರೈವರನ ರಕ್ತ ತೆಗೆದರು. ಮರುದಿನ ನೋಡಿದರೆ ಅವನ ಚುಕ್ಕಿಗಳೆಲ್ಲ ಆಗಲೇ ಆರಿಹೋಗಿವೆ. ಇದೇನೋ ವಿಚಿತ್ರ ರಕ್ತವೆಂದು ಲೆಕ್ಕದಿಂದ ತೆಗೆದುಹಾಕಿದರು. ಮಾತು ಡ್ರೈವರ್ ಕಿವಿಗೂ ಬಿತ್ತು. ತನಗೇನೋ ಆಗಿದೆಯೆಂದು ಪಾಪದವನು ಸಿಗರೇಟು ಬಿಟ್ಟ, ರಾತ್ರಿ ನಿದ್ದೆ ಬಿಟ್ಟ, ಸಿಕ್ಕ ಸಿಕ್ಕ ಡಾಕ್ಟರರ ಬಾಗಿಲು ತಟ್ಟಿದ. ‘ನನ್ನ ಹತ್ರಾನೇ ಬಂದು ಅಳ್ತಿದ್ದ. ಧೈರ್ಯ ಹೇಳಿ ಕಳಿಸಿದೆ. ಅವನ ರಕ್ತ ಸರಿಯಾಗಿತ್ತು, ನಂದೇ ಕೆಟ್ಟಿದ್ದು ಅಂತ ನಂಗೇನು ಗೊತ್ತು?’

ಪ್ರಯೋಗಾಲಯದವರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯನ್ನು ತಾವೇ ಮುಚ್ಚಿಕೊಂಡಿದ್ದರು. ಅಳತೆಗೋಲೇ ಡೊಂಕಾಗಿದ್ದರೆ ನೆಟ್ಟಗಿದ್ದದ್ದೆಲ್ಲ ಡೊಂಕಾಗಿ ಕಾಣುತ್ತದೆ, ಅಷ್ಟೇ. ಕಳೆದ ವರ್ಷ ಹೊಸದಾಗಿ ಬಂದ ವಿದ್ಯಾರ್ಥಿನಿ, ಅಂದರೆ ಈಗ ಕೀಲಿ ಹಿಡಿದಿರುವವಳು, ನಿಯಮದ ಪುಸ್ತಕದಲ್ಲಿ ಇದ್ದಂತೆಯೇ ಎಂಟು ಜನರ ರಕ್ತ ತೆಗೆದಳು. ಏಳು ಜನರದ್ದು ಒಂದು ದಾರಿ, ಇವರದ್ದೊಂದು ದಾರಿ. ಮುಖ್ಯಸ್ಥರ ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಯಿತೋ, ಹೊರಗೆ ತೊಟ್ಟಿಯ ಮುಂದಿದ್ದವರಿಗೆ ಯಾರೂ ಹೇಳಲಿಲ್ಲ. ರಕ್ತ ಕೇಳುವುದು ಮಾತ್ರ ನಿಂತಿತು.

‘ವಯಸ್ಸಾಯ್ತು, ಅದಕ್ಕೇ ಬಿಟ್ರು ಅಂದ್ಕೊಂಡೆ. ಬೇಜಾರೂ ಆಯ್ತು ಅನ್ನಿ. ಕೊನೆಗೆ ಈ ಹುಡುಗಿನೇ ತೊಟ್ಟಿ ಹತ್ರ ಬಂದು, ಅಣ್ಣಾ, ನಿಮ್ಮ ರಕ್ತದಲ್ಲಿ ದುರಸ್ತಿ ತುಂಬಾ ನಿಧಾನ, ಬೆಳಗಾದ್ರೂ ಚುಕ್ಕಿ ಆರಲ್ಲ ಅಂದ್ಲು. ಹೊತ್ತು ಹುಟ್ಟಿದ ಮೇಲೂ ಉರೀತಾ ಇರ್ತಾವಲ್ಲ ಬೀದಿ ದೀಪ, ಹಾಗೆ. ಅಣ್ಣಾ, ನಿಮಗೆ ಯಾವತ್ತಾದ್ರೂ ರೇಡಿಯೇಷನ್ ಕೊಡ್ಬೇಕು ಅಂದ್ರೆ ಇದನ್ನ ಮೊದಲು ಡಾಕ್ಟರಿಗೆ ಹೇಳಿ ಅಂದ್ಲು. ಹೇಳಿ ಅಳೋಕೆ ಶುರುಮಾಡಿದ್ಲು. ನಾನು ಕೈಯಲ್ಲಿದ್ದ ಬೀಕರ್ ಕೆಳಗಿಟ್ಟೆ.’

ಬೀಕರ್ ಕೆಳಗಿಟ್ಟದ್ದು ತಮ್ಮ ಬಗ್ಗೆ ಯೋಚಿಸಿ ಅಲ್ಲ. ಆರು ವರ್ಷದ ಹಿಂದೆ ಇವರ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ರಸ್ತೆಯಾಚೆಯ ಆಸ್ಪತ್ರೆಯಲ್ಲೇ ಚಿಕಿತ್ಸೆ. ರೇಡಿಯೇಷನ್ ಎಂದರೆ ಆಕೆಗೆ ಹೆದರಿಕೆ, ಬೇಡವೆಂದು ಹಟ ಹಿಡಿದಿದ್ದರು. ಒಪ್ಪಿಸಿದ್ದು ಈ ತಮ್ಮ. ‘ಹೆದರಬೇಡ ಅಕ್ಕಾ, ನನ್ನ ರಕ್ತಕ್ಕೆ ದಿನಾ ಕೊಡ್ತಾರೆ, ಏನೂ ಆಗಲ್ಲ ಅಂದೆ. ನನ್ನ ಮಾತು ಕೇಳಿ ಹೋಗಿ ಮಲಗಿದ್ಲು.’ ಮೂರನೆಯ ವಾರಕ್ಕೆ ಎದೆಯ ಚರ್ಮ ಸುಲಿದು ಬಂತು. ಆಮೇಲೆ ಶ್ವಾಸಕೋಶ. ಎಲ್ಲರಿಗೂ ಕೊಡುವಷ್ಟೇ ಕೊಟ್ಟಿದ್ದೇವೆ, ಇವರ ಮೈ ತಡೆಯಲಿಲ್ಲ ಎಂದರು ಆಸ್ಪತ್ರೆಯವರು. ಅದು ಸುಳ್ಳಲ್ಲ. ಏಕೆ ತಡೆಯಲಿಲ್ಲ ಎಂಬುದು ರಸ್ತೆಯ ಈಚೆ, ತಮ್ಮನ ಟ್ಯೂಬುಗಳಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಅದನ್ನು ನೋಡಿದವರು ‘ನಾರ್ಮಲ್’ ಎಂದು ಬರೆದುಕೊಂಡರು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ. ಇಷ್ಟು ಕತ್ತಲೆ ನೋಡಿರಲಿಲ್ಲ.

‘ಅಕ್ಕನ ಹಾಸಿಗೆ ಪಕ್ಕದಿಂದ ಎದ್ದು ಬಂದು ರಕ್ತ ಕೊಟ್ಟಿದ್ದೀನಿ. ಕೊಟ್ಟು, ಬಿಸ್ಕತ್ತು ತಗೊಂಡು ಹೋಗಿ ಅವಳಿಗೆ ತಿನ್ಸಿದ್ದೀನಿ,’ ಎನ್ನುತ್ತಾರೆ. ಹೇಳುವಾಗ ಗಾಜಿನ ಕೊಳವೆಯೊಳಗೆ ಬ್ರಷ್ಷು ಆಡಿಸುತ್ತಲೇ ಇದ್ದಾರೆ. ಕೊಳವೆ ಯಾವಾಗಲೋ ಶುದ್ಧವಾಗಿದೆ.

ಅಕ್ಕ ಬಿಟ್ಟುಹೋದ ಮಗಳು ಇವರ ಮನೆಯಲ್ಲೇ ಇದ್ದಾಳೆ. ವಯಸ್ಸು ಮೂವತ್ತೆರಡು, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ. ಈ ವರ್ಷದ ಆರಂಭದಲ್ಲಿ ಅವಳ ಎದೆಯಲ್ಲೂ ಗಂಟು ಸಿಕ್ಕಿತು. ಚಿಕ್ಕದು, ಬೇಗ ಗೊತ್ತಾಗಿದೆ ಎಂದರು ಡಾಕ್ಟರು. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ ಸ್ತನ ಉಳಿಯುತ್ತದೆ. ರೇಡಿಯೇಷನ್ ಬೇಡವೆಂದರೆ ಪೂರ್ತಿ ತೆಗೆಯಬೇಕು. ಹುಡುಗಿಯ ರಕ್ತ ಅವಳಮ್ಮನಂತೆಯೋ, ಎಲ್ಲರಂತೆಯೋ? ಎಲ್ಲವೂ ಆ ಒಂದು ಪ್ರಶ್ನೆಗೆ ಬಂದು ನಿಂತಿತು. ಮಾವನಿಗೆ ದಾರಿ ಸರಳವಾಗಿ ಕಂಡಿತು. ಸೀದಾ ಮುಖ್ಯಸ್ಥರ ಮುಂದೆ ಹೋಗಿ ನಿಂತರು.

‘ಸರ್, ಒಂದೇ ಒಂದು ಟ್ಯೂಬ್. ನಂದು ನೋಡಿದ ಹಾಗೆ ಅವಳದ್ದೂ ನೋಡಿ ಹೇಳಿ ಅಂದೆ. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಅದೊಂದೇ.’

ಉತ್ತರ ಬಂತು: ನಾವು ಸಂಶೋಧಕರು, ವೈದ್ಯರಲ್ಲ. ರಕ್ತ ಕೊಟ್ಟವರಿಗೆ ಫಲಿತಾಂಶ ಹೇಳಲು ನಿಯಮದಲ್ಲಿ ಅವಕಾಶವಿಲ್ಲ. ವಿದ್ಯಾರ್ಥಿನಿ ಬೇಡಿಕೊಂಡಳು, ಅವಳಿಗೂ ಅದೇ ಉತ್ತರ. ನಾನು ಫೋನ್ ಮಾಡಿದಾಗ ಮುಖ್ಯಸ್ಥರು ಸೌಜನ್ಯದಿಂದಲೇ ಮಾತಾಡಿದರು. ‘ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಪರೀಕ್ಷೆಗೆ ಚಿಕಿತ್ಸೆ ನಿರ್ಧರಿಸುವ ಮಾನ್ಯತೆ ಇಲ್ಲ. ನಾಳೆ ಹೆಚ್ಚುಕಡಿಮೆಯಾದರೆ ಹೊಣೆ ಯಾರು?’ ಎಂದರು. ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಡೊಂಕು ಕೋಲು ಹಿಡಿದು ಲೋಕವನ್ನೆಲ್ಲ ಅಳೆದಾಗ ಈ ಹೊಣೆ ಎಲ್ಲಿ ಹೋಗಿತ್ತು ಎಂದು ಕೇಳಿದೆ. ಅವರಿಗೆ ಮೀಟಿಂಗ್ ಇತ್ತು.

ಆಸ್ಪತ್ರೆಯ ಡಾಕ್ಟರು ಮಾವನ ಮಾತನ್ನು ಪೂರ್ತಿ ಕೇಳಿಸಿಕೊಂಡರಂತೆ. ‘ಬಾಯಿಮಾತು ನಂಬಿ ರೇಡಿಯೇಷನ್ ಬೇಡ ಅನ್ನೋಕಾಗಲ್ಲ. ನೀವು ಹೇಳಿದ್ದು ಕೇಳಿದ ಮೇಲೆ ಕೊಡೋಕೂ ಧೈರ್ಯ ಬರ್ತಿಲ್ಲ. ನಿರ್ಧಾರ ನೀವೇ ಮಾಡಿ,’ ಎಂದರಂತೆ. ನಿರ್ಧಾರ ಮಾಡಿದ್ದು ಹುಡುಗಿ. ಅಮ್ಮನ ಎದೆಗೆ ಬಟ್ಟೆ ಸುತ್ತಿದವಳು ಅವಳೇ. ಪೂರ್ತಿ ತೆಗೆಸಿಕೊಂಡಳು.

ನಿನ್ನೆ ಸಂಜೆ ಈಜುಕೊಳಕ್ಕೆ ಹೋಗಿದ್ದೆ. ಅವಳಿನ್ನೂ ನೀರಿಗಿಳಿದಿಲ್ಲ. ಸಡಿಲ ಅಂಗಿ ತೊಟ್ಟು, ಕುತ್ತಿಗೆಗೆ ಸೀಟಿ ಹಾಕಿಕೊಂಡು, ಕಾಲು ಮಾತ್ರ ನೀರಲ್ಲಿಟ್ಟು ಕೂತಿದ್ದಳು. ‘ಮೇಲೆ ಕೂತು ಈಜು ಕಲಿಸೋದು ಅಂದ್ರೆ ಫೋನಲ್ಲಿ ಊಟ ಬಡಿಸಿದ ಹಾಗೆ,’ ಎಂದು ನಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು: ‘ಬೇಕಾಗಿತ್ತು ಅಂತ ಗೊತ್ತಾದ್ರೆ ಸಮಾಧಾನ ಮಾಡ್ಕೋತೀನಿ. ಬೇಕಾಗಿರ್ಲಿಲ್ಲ ಅಂತ ಗೊತ್ತಾದ್ರೆ ಅತ್ತು ಮುಗಿಸ್ತೀನಿ. ಏನೂ ಗೊತ್ತಿಲ್ದೆ ಕನ್ನಡಿ ಮುಂದೆ ಹೇಗೆ ನಿಲ್ಲೋದು?’

ಕಥೆ ಇಲ್ಲಿಗೇ ಮುಗಿದಿದ್ದರೆ ನಮ್ಮ ಲೋಕಕ್ಕೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ಆದರೆ ಪ್ರಯೋಗಾಲಯ ಈಗ ಹೊಸ ಲೇಖನ ಬರೆದಿದೆ. ಹಳೆಯದನ್ನು ತಿದ್ದಿದ್ದಲ್ಲ. ನಿಧಾನ ದುರಸ್ತಿಯ ಅಪರೂಪದ ಪ್ರಕರಣ ಪತ್ತೆಯಾಗಿದೆ ಎಂದು. ಪ್ರಕರಣ ಎಂದರೆ ಇವರೇ. ಲೇಖನಕ್ಕೆ ಒಳ್ಳೆಯ ಹೆಸರು ಬಂತು, ಹಿಂದೆಯೇ ದೊಡ್ಡ ಯೋಜನೆ ಬಂತು. ಮುಂದಿನ ಹೆಜ್ಜೆ ಕುಟುಂಬದ ಅಧ್ಯಯನ. ಅಂದು ಒಂದು ಟ್ಯೂಬೇ ಹೆಚ್ಚಾಗಿತ್ತು, ಇಂದು ಅದೇ ಹುಡುಗಿಯಿಂದ ಆರು ಟ್ಯೂಬ್ ಬೇಕಾಗಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಹಿರಿಯರು ಸಾಲದ ವಿಷಯಕ್ಕೆ ಹೇಳಿದ್ದು. ರಕ್ತಕ್ಕೂ ಸಲ್ಲುತ್ತದೆ.

ಹತ್ತು ಗಂಟೆ. ಮುಖ್ಯಸ್ಥರು ತೊಳೆಯುವ ಕೋಣೆಯ ಬಾಗಿಲಿಗೆ ಬರುತ್ತಾರೆ. ಒಳಗೆ ಕಾಲಿಡುವುದಿಲ್ಲ, ನೆಲ ಒದ್ದೆಯಾಗಿದೆ. ಮೂಲೆಯ ಸ್ಟೂಲಿನ ಮೇಲೆ ಕೂತ ನನ್ನ ಕಡೆ ಒಮ್ಮೆ ನೋಡಿ, ‘ಏನಾಯ್ತು ನಾರ್ಮಲ್, ಹುಡುಗಿ ಒಪ್ಪಿದಳಾ?’ ಎನ್ನುತ್ತಾರೆ. ದನಿಯಲ್ಲಿ ವಿಶ್ವಾಸವೇ ಇದೆ.

ಇವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ತಿರುಗುತ್ತಾರೆ. ‘ಅವಳದ್ದು ಹೇಗಿದೆ ಅಂತ ನೋಡಿ ಅವಳಿಗೆ ಹೇಳ್ತೀರಾ ಸರ್?’

‘ಅದು ನಿನಗೆ ಗೊತ್ತಲ್ಲಪ್ಪ. ನಿಯಮದಲ್ಲಿ ಅವಕಾಶ ಇಲ್ಲ.’

‘ಹಾಗಾದ್ರೆ ನಮ್ಮ ಮನೇಲೂ ಅವಕಾಶ ಇಲ್ಲ ಸರ್,’ ಎಂದು ಇವರು ಮತ್ತೆ ನಲ್ಲಿ ತಿರುಗಿಸುತ್ತಾರೆ.