ಮೊದಲ ಪಂದ್ಯದ ಅಂಗಿಗೆ ಎರಡು ಕೆಂಪು ಗೆರೆ

ನನ್ನ ಮೊಮ್ಮಗಳು ಫುಟ್‌ಬಾಲಿನಲ್ಲಿ ಡಿಫೆಂಡರ್. ಗೋಲಿನ ಮುಂದೆ ನಿಂತು, ಚೆಂಡು ತರುವವರನ್ನು ಒಳಗೆ ಬಿಡದವಳು. ಸಂಬಳ ಕೊಟ್ಟು ಆಡಿಸುವ ಕ್ಲಬ್ಬಿಗೆ ನಮ್ಮ ಹೊಸದುರ್ಗದ ಕಡೆಯಿಂದ ಹೋದ ಮೊದಲ ಹುಡುಗಿ. ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ, ಮುಂದಿನ ಹಲ್ಲೊಂದು ಹೋಗಿದೆ. ಅದನ್ನೇ ತೋರಿಸಿಕೊಂಡು ನಗುತ್ತಾಳೆ. ಮೂರನೇ ಕ್ಲಾಸು ಓದಿದ ನಾನು ಇದನ್ನು ಬರೆಯಲು ಕೂತರೆ ಕೈಯೇ ನಿಲ್ಲುವುದಿಲ್ಲ, ಅಷ್ಟು ಖುಷಿ.

ಆದರೆ ಹಿರಿಯೂರಿನ ಬೀಗರು, ಅವಳ ತಾಯಿಯ ಅಪ್ಪ, ಆ ಖುಷಿಯನ್ನು ನನಗೊಬ್ಬಳಿಗೆ ಬಿಟ್ಟುಕೊಡುವವರಲ್ಲ. ಸಿಕ್ಕಿದವರ ಮುಂದೆಲ್ಲ ಒಂದೇ ಮಾತು: "ಮೊದಲ್ನೇ ಚೆಂಡು ಕೊಡಿಸ್ದೋನು ನಾನು."

ಚೆಂಡು ಅಂಗಡಿಯಲ್ಲಿ ಸಿಗುತ್ತದೆ. ತಡೆಯುವುದು ಸಿಗುತ್ತದೆಯೇ? ಅದನ್ನು ಕಲಿತದ್ದು ನಮ್ಮ ಕುರಿರೊಪ್ಪದ ಬಾಗಿಲಲ್ಲಿ. ಸಂಜೆ ಕುರಿ ಎಣಿಸಿ ಒಳಗೆ ಬಿಡುವಾಗ ಅವಳನ್ನು ಅಡ್ಡ ನಿಲ್ಲಿಸುತ್ತಿದ್ದೆ. "ತಲೆ ನೋಡ್ಬ್ಯಾಡ ಕಣೇ, ತಲೆ ಸುಳ್ಳು ಹೇಳ್ತೈತೆ. ಮುಂಗಾಲು ನೋಡು" ಎಂದವಳು ನಾನು. ಟಗರು ಗುದ್ದಿ ಕೆಡವಿದರೂ ಎದ್ದು ಮತ್ತೆ ಅಡ್ಡ ನಿಲ್ಲುತ್ತಿದ್ದಳು.

ಹೋದ ಸಲ ರಜೆಗೆ ಬಂದಾಗ ಎರಡು ಜೆರ್ಸಿ ತಂದಳು. ಒಂದು ಹೊಸದು, ಇನ್ನೊಂದು ಮೊದಲ ಪಂದ್ಯದಲ್ಲಿ ತೊಟ್ಟದ್ದು. ಬೀಗರು ಫೋನಿನಲ್ಲೇ ಕೇಳಿಬಿಟ್ಟರು, "ಮೊದಲ ಪಂದ್ಯದ್ದು ನಂಗಿರ್ಲವ್ವ, ನಾಳೆ ಬಸ್ಸಿಗೆ ಬರ್ತೀನಿ."

ನನ್ನ ಹೊಟ್ಟೆ ಉರಿಯಿತು. ಆ ಅಂಗಿಯನ್ನು ಒಗೆದು ಹರವಿದೆ. ಒಣಗಿದ ಮೇಲೆ ಕುರಿಗೆ ಹಚ್ಚುವ ಕೆಂಪು ಬಣ್ಣ ತಂದು, ಬೆನ್ನಿನ ಮೇಲೆ ನಮ್ಮ ಮನೆಯ ಗುರುತು, ಎರಡು ಗೆರೆ, ಎಳೆದೇಬಿಟ್ಟೆ.

"ಅಜ್ಜೀ! ನಾನೇನು ಕುರಿನಾ?"

"ಬೇರೆ ಮಂದೇಲಿ ಕಲೆತ್ರೂ ನಮ್ದು ಅಂತ ಗೊತ್ತಾಗ್ಬೇಕಲ್ಲ!"

ಸೋಪು ಹಾಕಿ ಉಜ್ಜಿದಳು, ಹೋಗಲಿಲ್ಲ. ಮರುದಿನ ಬೀಗರು ಬಂದು ಅಂಗಿಯನ್ನು ತಿರುಗಿಸಿ ನೋಡಿದರು. "ಇದೇನವ್ವ ಕಲೆ?"

"ಕಲೆ ಅಲ್ಲ ತಾತ, ಅಜ್ಜಿ ಗುರುತು. ಇದು ಇಲ್ಲೇ ಇರ್ಲಿ, ಹೊಸದು ನಿಂಗೆ" ಎಂದಳು ಹುಡುಗಿ. ಅವರು ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟರು. ನಾನು ಇನ್ನೊಂದು ಲೋಟ ಕುಡಿದೆ.

ಮುಂದಿನ ಪಂದ್ಯವನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ಹುಡುಗಿ ಎದುರಿನವಳ ಮೊಣಕೈ ಬಡಿದು ಬಿದ್ದಳು, ಎದ್ದಳು, ಚೆಂಡು ಕಿತ್ತುಕೊಂಡಳು. ಮಣಿಕಟ್ಟಿಗೆ ಸುತ್ತಿದ್ದ ಬಿಳಿ ಪಟ್ಟಿಯ ಮೇಲೆ ಎರಡು ಕೆಂಪು ಗೆರೆ! ಕುಣಿದುಬಿಟ್ಟೆ.

ಆ ವಾರವೇ ಬೀಗರು ಮತ್ತೆ ಬಂದರು, ಕಂಕುಳಲ್ಲಿ ಹೊಸ ಜೆರ್ಸಿ.

"ಬೀಗ್ತೀ, ಇದಕ್ಕೂ ಆ ಎರಡು ಗೆರೆ ಹಾಕ್ಕೊಡ್ರಿ."

"ಬಣ್ಣ ಮುಗಿದೈತೆ ಬೀಗ್ರೇ" ಎಂದೆ. ತುಂಬಿದ ಡಬ್ಬಿ ನನ್ನ ಹಿಂದೆ ಕಟ್ಟೆಯ ಮೇಲೆಯೇ ಇತ್ತು. ಸೆರಗು ಸರಿಮಾಡಿಕೊಳ್ಳುವಂತೆ ಮಾಡಿ ಅದರ ಮುಂದೆ ಅಡ್ಡ ನಿಂತೆ.