ಪಟ್ಟಿಯ ಕೊನೆಯ ಹೆಸರು

ಕವಿಯಾಗಬೇಕೆಂದು ಹೊರಟವನು ನಾನು. ಧಾರವಾಡದಲ್ಲಿ ಓದುವಾಗ ಪತ್ರಿಕೆಗಳಿಗೆ ಕಳಿಸಿದ ಕವಿತೆಗಳೆಲ್ಲ, ನಾನೇ ಅಂಚೆಚೀಟಿ ಹಚ್ಚಿ ಜೊತೆಗಿಟ್ಟ ಲಕೋಟೆಯಲ್ಲಿ ತಪ್ಪದೆ ಮನೆಗೆ ಮರಳಿದವು. ನನ್ನ ಬರವಣಿಗೆಯನ್ನು ಇಪ್ಪತ್ತು ಜನ ಓದುವ ಯೋಗ ಕೂಡಿಬಂದದ್ದು ಕೆಲವು ವರ್ಷಗಳ ನಂತರ, ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ ಇದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ನಾನು ಬರೆದದ್ದು ಕವಿತೆಯಲ್ಲ, "ಬಿಲ್ಡ್ ಕೆಟ್ಟಿದೆ" ಎಂದು ತಿಳಿಸುವ ಈ-ಮೇಲ್.

ಬಿಲ್ಡ್ ಎಂದರೆ ಇಷ್ಟೇ. ನಮ್ಮಲ್ಲಿ ಬಹಳಷ್ಟು ಜನ ಮಕರಪುರದಲ್ಲಿ ಕೂತು ಪ್ರೋಗ್ರಾಮ್ ಬರೆಯುತ್ತಿದ್ದರು, ನಾಲ್ಕೈದು ಜನ ಅಹಮದಾಬಾದಿನ ಮಣಿನಗರದಲ್ಲಿ, ಒಬ್ಬರು ಮಾತ್ರ ಸೂರತ್‌ನಲ್ಲಿ. ಎಲ್ಲರ ತುಣುಕುಗಳೂ ನಮ್ಮ ಆಫೀಸಿನ ಒಂದು ಮಶೀನಿಗೆ ಬಂದು ಬೀಳುತ್ತಿದ್ದವು. ಅದು ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಎಲ್ಲವನ್ನೂ ಜೋಡಿಸಿ ನೋಡುತ್ತಿತ್ತು. ಕೂಡಿಕೊಂಡರೆ ಹಸಿರು ಮೇಲ್, ಕೂಡದಿದ್ದರೆ ಕೆಂಪು ಮೇಲ್. ಆ ಮೇಲ್ ಹೇಗಿರಬೇಕೆಂದು ಒಮ್ಮೆ ಅಚ್ಚು ಹಾಕಿಟ್ಟರೆ ಸಾಕು, ಹೆಸರು, ಸಮಯಗಳನ್ನು ಮಶೀನೇ ತುಂಬಿಕೊಂಡು ಕಳಿಸುತ್ತಿತ್ತು. ಆ ಅಚ್ಚಿನ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಯಾರೂ ಅದನ್ನು ಒಪ್ಪಿಕೊಂಡಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಾನು ಮಾತ್ರ ಅದಕ್ಕೆ ಜೀವ ತೇಯ್ದೆ. ಹಸಿರು ಮೇಲ್‌ಗೆ ಎರಡು ಸಾಲು ಗೀಚಿ ಬಿಟ್ಟೆ, ಅದನ್ನು ಯಾರು ಓದುತ್ತಾರೆ. ಕೆಂಪು ಮೇಲ್‌ಗೆ ಮೂರು ವಾರ ಹಿಡಿಯಿತು. ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಅದರೊಳಗೆ ಕೆಡಿಸಿದವರ ಹೆಸರು ದಪ್ಪ ಅಕ್ಷರದಲ್ಲಿ, ಅದರ ಕೆಳಗೆ "ಇವರ ಕೃಪೆಯಿಂದ ಇಂದು ನಮಗೆಲ್ಲ ವಿಶ್ರಾಂತಿ" ಎಂಬರ್ಥದ ಇಂಗ್ಲಿಷ್ ಕುಹಕ. ಅಂಥ ಏಳು ಸಾಲು ಬರೆದಿಟ್ಟಿದ್ದೆ, ಮಶೀನು ಸರದಿಯಂತೆ ಒಂದೊಂದು ಆರಿಸುತ್ತಿತ್ತು. ಮೊದಲ ದಿನವೇ ಇಡೀ ಆಫೀಸು ನಕ್ಕಿತು. ನಮ್ಮ ಸಾಹೇಬರು, ಅಪರೂಪಕ್ಕೆ ನಗುವ ಗುಜರಾತಿ ಮ್ಯಾನೇಜರು, ಬೆನ್ನು ತಟ್ಟಿದರು. ನನಗೆ ಕೊಂಬು ಮೂಡಿತು.

ಆ ಉತ್ಸಾಹದಲ್ಲೇ ಸಾಹೇಬರು ಒಂದು ನಿಯಮ ಮಾಡಿದರು. ತಿಂಗಳ ಮೊದಲ ಶನಿವಾರ ಮೂರೂ ಊರಿನವರು ಮಕರಪುರದಲ್ಲಿ ಸೇರುತ್ತಿದ್ದೆವು. ಕೆಂಪು ಪಟ್ಟಿಯಲ್ಲಿ ಹೆಸರು ಬಂದವರು ಆ ದಿನ ಎಲ್ಲರಿಗೂ ನಾಷ್ಟಾ, ಅಂದರೆ ತಿಂಡಿ, ತರಬೇಕು.

ಸೂರತ್‌ನಲ್ಲಿ ಒಬ್ಬರೇ ಇದ್ದರು ಎಂದೆನಲ್ಲ, ಅವರು ನಮ್ಮವರೇ, ಮೈಸೂರು ಕಡೆಯವರು. ಗಂಡ ಒಂದು ಸರ್ಕಾರಿ ಸಂಸ್ಥೆಯಲ್ಲಿ. ಮಗಳು ಹೈಸ್ಕೂಲಿಗೆ ಬಂದ ಮೇಲೆ, ನಲವತ್ತರ ಹತ್ತಿರದಲ್ಲಿ, ಕಂಪ್ಯೂಟರ್ ಕಲಿತು ಕೆಲಸಕ್ಕೆ ಸೇರಿದ್ದರು. ಅಡಾಜಣ್‌ನ ಫ್ಲ್ಯಾಟಿನಿಂದ ದಿನಾ ತಾಪಿ ನದಿ ದಾಟಿ, ಗಿರಾಕಿಯ ಸೀರೆ ಮಿಲ್ಲಿನ ಒಂದು ಮೂಲೆಯ ಮೇಜಿನಲ್ಲಿ ಕೂತು ನಮ್ಮ ಕೆಲಸ ಮಾಡುತ್ತಿದ್ದರು. ಆರು ತಿಂಗಳ ಪ್ರೊಬೇಷನ್. ಅದು ಮುಗಿದಾಗ ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಸಾಹೇಬರ ಕೈಯಲ್ಲಿತ್ತು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ.

ಕೆಂಪು ಪಟ್ಟಿಯಲ್ಲಿ ಅಕ್ಕಾರ ಹೆಸರು ಬಂತು. ಮತ್ತೆ ಬಂತು. ಹಸಿರು ಹೋಗಿ ಕೆಂಪು ಬಂದಾಗಲೆಲ್ಲ ಅವರದೇ ಹೆಸರು. ಮೊದಲ ಶನಿವಾರ ಅವರು ಬೆಳಗಿನ ರೈಲಿನಲ್ಲಿ ಎರಡು ಡಬ್ಬಿ ಘಾರಿ ಹೊತ್ತು ತಂದರು. ಒಳಗೆ ಖೋವಾ, ಹೊರಗೆ ಗಟ್ಟಿಯಾದ ತುಪ್ಪದ ಪದರು ಇರುವ ಆ ಸಿಹಿಯನ್ನು ಸೂರತ್ತಿನವರು ಮಾತ್ರ ಸರಿಯಾಗಿ ಮಾಡುತ್ತಾರೆ. ನಾನು ನಾಲ್ಕು ತಿಂದೆ. ಮುಂದಿನ ತಿಂಗಳೂ ನಾಲ್ಕು ತಿಂದೆ. "ಅಕ್ಕಾರ, ನೀವು ಬಿಲ್ಡ್ ಕೆಡಸಲಿಕ್ಕ ಹತ್ತಿದ ಮ್ಯಾಲ ನನ್ನ ಮೈ ಏರಿತ ನೋಡ್ರಿ" ಎಂದು ಎಲ್ಲರೆದುರು ಹಲ್ಲು ಕಿಸಿದೆ. ಅವರೂ ನಕ್ಕರು. ಆ ನಗೆಯನ್ನು ನಾನು ನನ್ನ ಹಾಸ್ಯಕ್ಕೆ ಸಂದ ಬಹುಮಾನವೆಂದೇ ತಿಳಿದೆ.

ಮೂರನೆಯ ತಿಂಗಳು ಅವರು ಫೋನ್ ಮಾಡಿದರು. "ನಾನು ಮುಟ್ಟಿದ್ದು ರಿಪೋರ್ಟಿನ ಫೈಲು ಮಾತ್ರ ಕಣ್ರೀ. ಕೆಟ್ಟಿರೋದು ಬೇರೆ ಎಲ್ಲೋ. ಸ್ವಲ್ಪ ನೋಡ್ತೀರಾ?"

"ಅಕ್ಕಾರ, ಮಶೀನು ಸುಳ್ಳ ಹೇಳೂದಿಲ್ರಿ," ಎಂದೆ. "ನೀವ ಇನ್ನೊಮ್ಮೆ ಸಾವಕಾಶ ನೋಡ್ಕೋರಿ."

"ಆಯ್ತು, ನೋಡ್ತೀನಿ" ಎಂದು ಫೋನ್ ಇಟ್ಟರು. ಆಮೇಲೆ ಆ ವಿಷಯ ಎತ್ತಲಿಲ್ಲ. ಘಾರಿ ಮಾತ್ರ ಬರುತ್ತಲೇ ಇತ್ತು.

ಆರನೆಯ ತಿಂಗಳು ಅವರು ತಮ್ಮನ ಮದುವೆಗೆಂದು ಮೈಸೂರಿಗೆ ಹೋದರು. ಅವರಿಲ್ಲದ ವಾರ ಬಿಲ್ಡ್ ಕೆಟ್ಟಿತು. ಮೇಲ್ ತೆರೆದು ನೋಡಿದರೆ ಕೆಂಪು ಪಟ್ಟಿಯಲ್ಲಿ ನನ್ನ ಹೆಸರು, ಕೆಳಗೆ ನನ್ನದೇ ಕುಹಕ. ನನಗೆ ಪಿತ್ತ ನೆತ್ತಿಗೇರಿತು. ಆ ಬೆಳಿಗ್ಗೆ ನಾನು ಮಾಡಿದ್ದು ಅದೇ ಅಚ್ಚಿನಲ್ಲಿ ಕೆಂಪು ಬಣ್ಣವನ್ನು ಇನ್ನೊಂದಿಷ್ಟು ಗಾಢ ಮಾಡಿದ್ದು, ಅಷ್ಟೇ. ಬಣ್ಣ ಬದಲಿಸಿದರೆ ಬಿಲ್ಡ್ ಹೇಗೆ ಕೆಡುತ್ತದೆ? ಈ ಮಶೀನಿಗೆ ತಲೆ ಕೆಟ್ಟಿದೆ ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಗೊಣಗುತ್ತಾ ಆ ಅಚ್ಚನ್ನು ನಡೆಸುವ ಸ್ಕ್ರಿಪ್ಟ್ ತೆರೆದೆ. ಮಶೀನಿನ ಮೇಲೆ ನನಗೆ ಮೊದಲ ಸಲ ಅನುಮಾನ ಬಂದದ್ದು ಅದು ನನ್ನ ಹೆಸರು ಹೇಳಿದಾಗ.

ತಪ್ಪು ಒಂದೇ ಸಾಲಿನಲ್ಲಿತ್ತು. ಹಿಂದಿನ ಬಿಲ್ಡ್‌ನಿಂದ ಈಚೆಗೆ ಯಾರ್ಯಾರು ಕೆಲಸ ಸೇರಿಸಿದ್ದಾರೆ ಎಂಬ ಪಟ್ಟಿ ಮಶೀನಿನ ಬಳಿ ಇತ್ತು. ನನ್ನ ಅಚ್ಚು ಕೆಡಿಸಿದ್ದು ಯಾರೆಂದು ಹುಡುಕುತ್ತಲೇ ಇರಲಿಲ್ಲ. ಪಟ್ಟಿಯ ಕೊನೆಯ ಹೆಸರನ್ನು ಎತ್ತಿ ಕೆಂಪಿನಲ್ಲಿ ಬರೆಯುತ್ತಿತ್ತು. ನಾನು ಪರೀಕ್ಷೆ ಮಾಡಿದ ದಿನ ಪಟ್ಟಿಯಲ್ಲಿ ನಾನೊಬ್ಬನೇ ಇದ್ದೆ, ಮೊದಲನೆಯವನೂ ಕೊನೆಯವನೂ ನಾನೇ, ಹಾಗಾಗಿ ಸರಿಯಾಗಿ ಕಂಡಿತ್ತು. ಸೂರತ್ ಮಿಲ್ಲಿನಲ್ಲಿ ಇಂಟರ್ನೆಟ್ಟಿಗೆ ಇದ್ದದ್ದು ಫೋನ್ ಲೈನ್. ಅದು ಬಿಡುವಾಗುವವರೆಗೆ ಕಾದು, ಹನ್ನೆರಡಕ್ಕೂ ಐದಕ್ಕೂ ಹತ್ತು ನಿಮಿಷ ಇರುವಾಗ ಅಕ್ಕಾರು ತಮ್ಮ ಕೆಲಸ ಕಳಿಸುತ್ತಿದ್ದರು. ದಿನವೂ ಕೊನೆಯ ಹೆಸರು ಅವರದೇ.

ಹಳೆಯ ದಾಖಲೆಗಳನ್ನೆಲ್ಲ ತೆಗೆದು ಕೂತೆ. ಅವರ ಹೆಸರಿಗೆ ಬಿದ್ದ ಒಂಬತ್ತು ಕೆಂಪುಗಳಲ್ಲಿ ಒಂದೂ ಅವರದಲ್ಲ. ಆರು ಮಣಿನಗರದ್ದು, ಒಂದು, ಅಪರೂಪಕ್ಕೆ ಪ್ರೋಗ್ರಾಮಿಗೆ ಕೈ ಹಾಕುವ ಸಾಹೇಬರದ್ದು. ಎರಡು ನನ್ನವು. ನನ್ನ ತಪ್ಪಿಗೆ ಅವರು ತಂದ ಘಾರಿಯನ್ನು ನಾನೇ ನಾಲ್ಕು ನಾಲ್ಕು ತಿಂದಿದ್ದೆ.

ಸಾಹೇಬರ ಕೋಣೆಗೆ ಹೋದೆ. ಮೇಜಿನ ಮೇಲೆ ಒಂದು ಫೈಲಿತ್ತು, ಅದರಲ್ಲಿ ಆ ಒಂಬತ್ತೂ ಮೇಲ್‌ಗಳ ಪ್ರಿಂಟು. ಅಕ್ಕಾರಿಗೆ ಕೊಡಬೇಕಾದ ಪತ್ರ ಟೈಪಾಗಿ, ಸಹಿಗೆ ಕಾಯುತ್ತಿತ್ತು. ಖಾಯಂ ಮಾಡುವ ಪತ್ರ ಅದಾಗಿರಲಿಲ್ಲ. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ತೊದಲುತ್ತಾ ನಡೆದದ್ದನ್ನು ಹೇಳಿದೆ, ಸಾಹೇಬರೇ ಕೆಡಿಸಿದ್ದ ದಿನದ ಹಾಳೆಯನ್ನೂ ತೋರಿಸಿದೆ. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಹವೇ ಶುಂ?" ಎಂದರು. ಈಗೇನು ಮಾಡೋಣ ಎಂದು.

"ಆ ಪತ್ರ ಹರೀರಿ ಸರ್," ಎಂದೆ. ಗಾಬರಿಯಲ್ಲಿ ಧಾರವಾಡದ ಕನ್ನಡವೇ ಬಾಯಿಗೆ ಬಂದಿತ್ತು. ಅವರಿಗೆ ಅದು ಹೇಗೋ ಅರ್ಥವಾಯಿತು, ಹರಿದರು.

ಸಂಜೆ ಇಪ್ಪತ್ತು ಜನಕ್ಕೂ ಮೇಲ್ ಬರೆದೆ, ಒಂಬತ್ತೂ ದಿನದ ನಿಜವಾದ ಹೆಸರುಗಳ ಸಮೇತ. ಕೆಡಿಸಿದವರನ್ನೇ ಹುಡುಕುವಂತೆ ಅಚ್ಚು ತಿದ್ದಿ, ಆ ಏಳು ಕುಹಕದ ಸಾಲುಗಳನ್ನು ಅಳಿಸಿದೆ. ಅವುಗಳ ಜಾಗದಲ್ಲಿ ಒಂದೇ ಸಾಲು ಹಾಕಿದೆ: ಇದನ್ನು ಬರೆದವನು ನಾನು, ತಪ್ಪೆನಿಸಿದರೆ ನನಗೆ ಫೋನ್ ಮಾಡಿ. ಕೆಂಪು ಮೇಲ್‌ಗೆ ನಾನು ಬರೆದವುಗಳಲ್ಲಿ ಯಾರೂ ನಗದ ಮೊದಲ ಸಾಲು ಅದು.

ಮುಂದಿನ ತಿಂಗಳ ಶನಿವಾರ ನಾಷ್ಟಾ ನಾನೇ ತಂದೆ. ಅಕ್ಕಾರು ಖಾಯಂ ಪತ್ರವನ್ನು ಚೀಲದೊಳಗಿಟ್ಟು, ನಾನು ತಂದ ಕಡಲೆಹಿಟ್ಟಿನ ಖಮಣ್ ತಿಂದರು. ನಾನು ಕ್ಷಮೆ ಕೇಳಿದಾಗ "ಇರ್ಲಿ ಬಿಡಿ" ಎಂದರು. ಅವರು ಪಕ್ಕದವರ ಕಡೆ ತಿರುಗಿ ಮಾತು ಮುಂದುವರಿಸಿದ ರೀತಿಯಿಂದ, ಇನ್ನೂ ಪೂರ್ತಿ ಬಿಟ್ಟಿಲ್ಲವೆಂದು ತಿಳಿಯಿತು. ಎರಡು ವಾರವಾದ ಮೇಲೆ ಬಿಲ್ಡ್ ಕೆಟ್ಟಿತು. ತಿದ್ದಿದ ಅಚ್ಚು ಮತ್ತೆ ಅವರದೇ ಹೆಸರು ಹೇಳಿತು. ಮತ್ತೆ ಸ್ಕ್ರಿಪ್ಟ್ ತೆರೆದು ಕೂತೆ. ಐದೇ ನಿಮಿಷಕ್ಕೆ ಫೋನ್ ಬಂತು.

"ಈ ಸಲ ನಿಜವಾಗ್ಲೂ ನಾನೇ ಕಣ್ರೀ ಕೆಡಿಸಿದ್ದು," ಎಂದರು ಅಕ್ಕಾರು. "ಬರೋ ತಿಂಗಳು ಘಾರಿ ತರ್ತೀನಿ. ಇದನ್ನ ನೀವು ತಿನ್ನಬಹುದು."