ಒಣ ಶಾವಿಗೆ

ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಲಿಂಗಾಯತ ಅಜ್ಜಿ ನಮ್ಮ ಒಲೆಯಲ್ಲಿ ಬೆಂದದ್ದನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಪ್ರತಿ ರಂಜಾನ್ ಹಬ್ಬಕ್ಕೆ ಅಮ್ಮ ಅವರಿಗೆ ಹಾಲಲ್ಲಿ ಶಾವಿಗೆ ಬೇಯಿಸಿ ಮಾಡುವ ಸುರಕುಂಬಾದ ಬದಲು ಒಣ ಶಾವಿಗೆ, ಸಕ್ಕರೆ, ದ್ರಾಕ್ಷಿಯನ್ನು ತಟ್ಟೆಯಲ್ಲಿಟ್ಟು ಕಳಿಸುತ್ತಿದ್ದಳು. ನಾವೇನು ಕೊಳಕರೇ ಎಂದು ನಾನು ಸಿಡುಕಿದರೆ, "ಮುಟ್ಟೋದು ಬಿಡೋದು ಅವರಿಷ್ಟ, ಕೊಡೋದು ನಂದು. ಸುಮ್ನಿರು," ಎನ್ನುತ್ತಿದ್ದಳು.

ಎಂಬತ್ತರ ದಶಕದ ಒಂದು ವರ್ಷ, ಉಪವಾಸದ ತಿಂಗಳು ಮುಗಿಯುವ ಮೊದಲೇ ಅಮ್ಮ ತೀರಿಕೊಂಡಳು. ಹಬ್ಬದ ದಿನ ನಮ್ಮ ಒಲೆ ಹತ್ತಲಿಲ್ಲ. ಅಪ್ಪನೂ ನಾನೂ ಹಸಿದು ಕುಳಿತಿದ್ದಾಗ ಅಜ್ಜಿ ತಟ್ಟೆ ಹಿಡಿದು ಬಂದರು.

"ನಮ್ಮನ್ಯಾಗ ಬೇಯಿಸಿದ್ದು ನಿಮಗೆ ನಡಿತೈತೋ ಇಲ್ಲೋ ಅಂತ ಹಂಗೇ ತಂದೀನ್ರಿ," ಎಂದು ಅಪ್ಪನ ಮುಂದಿಟ್ಟರು.

ತಟ್ಟೆಯ ತುಂಬ ಒಣ ಶಾವಿಗೆ. ಅದನ್ನು ಬೇಯಿಸುವವಳನ್ನು ನಾವು ಮಣ್ಣು ಮಾಡಿ ಬಂದಿದ್ದೆವು.